ತಾಜ್ ಮಹಲನ್ನೂ ಬಿಡದ ಬಡ್ಡಿ

ಮೊನ್ನೆ ಚಿಂತಾಮಣಿಯಲ್ಲಿ ಟೀ ಕುಡೀತಾ ನಿಂತಿದ್ದೆ. ಹಿರಿಯರೊಬ್ಬರು ಹತ್ತಿರ ಬಂದು ಮೆಲ್ಲಗೆ ಮಾತು ತೆಗೆದ್ರು. ‘ಸಾರ್, ನಮ್ಮ ಹುಡುಗ ಟೊಮೆಟೊ ದುಡ್ಡನ್ನ ಮೊಬೈಲಲ್ಲಿ ಆಡಿ ಕಳೆದ. ಅದನ್ನ ವಾಪಸ್ ತರ್ತೀನಿ ಅಂತ ಮತ್ತೆ ಬಡ್ಡಿಗೆ ಸಾಲ ತಂದ. ಒಂದು ಸಲ ಗೆದ್ರೆ ಎಲ್ಲಾ ತೀರುತ್ತೆ ಅಂತಾನೆ. ತೀರುತ್ತಾ?’

ಇದಕ್ಕೆ ಉತ್ತರ ಹೇಳೋಕೆ ನಿಮ್ಮನ್ನ ಸ್ವಲ್ಪ ದೂರ ಕರ್ಕೊಂಡು ಹೋಗ್ತೀನಿ. ಅಮೆರಿಕದ ಅಟ್ಲಾಂಟಿಕ್ ಸಿಟಿಗೆ. ಅಲ್ಲೂ ಒಂದು ತಾಜ್ ಮಹಲ್ ಇತ್ತು. ಸಮುದ್ರದ ದಂಡೆ ಮೇಲೆ ಗುಮ್ಮಟ, ಮಿನಾರು, ಬಾಗಿಲಲ್ಲಿ ಕಲ್ಲಿನ ಆನೆಗಳು, ಪೇಟ ಸುತ್ತಿಕೊಂಡ ದ್ವಾರಪಾಲಕರು. ನಮ್ಮ ದೇಶ ಅಂದ್ರೆ ಅವರ ತಲೆಯಲ್ಲಿ ಏನೇನು ಬರುತ್ತೋ ಅಷ್ಟನ್ನೂ ತಂದು ಸುರಿದಿದ್ರು. ಒಳಗೆ ಜೂಜು. ಅದರ ಹೆಸರು ಟ್ರಂಪ್ ತಾಜ್ ಮಹಲ್. ಹೌದು, ಅದೇ ಟ್ರಂಪ್. ಜಗತ್ತಿನ ಎಂಟನೇ ಅದ್ಭುತ ಅಂತ ಪ್ರಚಾರ. 1990ರ ಏಪ್ರಿಲ್ 2ಕ್ಕೆ ಬಾಗಿಲು ತೆರೆಯಿತು. ಮೈಕಲ್ ಜಾಕ್ಸನ್ ಬಂದು ಹೋದರು.

ನಾನು ಇಂಜಿನಿಯರಿಂಗ್ ಓದಿದವನು, ಲೆಕ್ಕ ಬಿಟ್ಟು ಬೇರೆ ದಾರಿ ಗೊತ್ತಿಲ್ಲ. ಅಮೆರಿಕದ ರೂಲೆಟ್ ಚಕ್ರದಲ್ಲಿ 38 ಮನೆಗಳು. ಒಂದೊಂದರ ಮೇಲೂ ನೂರು ರೂಪಾಯಿ ಇಡಿ. 3,800 ಖರ್ಚು. ಯಾವುದೋ ಒಂದು ಬಂದೇ ಬರುತ್ತೆ, ಅಲ್ವಾ? ನಿಮ್ಮ ಕೈಗೆ ಬರೋದು 3,600. ಪ್ರತಿ ಸುತ್ತಿಗೂ 200 ಮಾಯ. ಇದರಲ್ಲಿ ಮೋಸ ಇಲ್ಲ, ಕದ್ದುಮುಚ್ಚಿ ಏನೂ ಇಲ್ಲ. ಆ 200 ರೂಪಾಯಿಯೇ ಆ ಧಂದೆ. ಶಿಡ್ಲಘಟ್ಟದ ಮಾರುಕಟ್ಟೆಯಲ್ಲಿ ಗೂಡಿನ ರೇಟು ಇವತ್ತು ಬಿದ್ರೆ ನಾಳೆ ಏರಬಹುದು. ಈ ಚಕ್ರಕ್ಕೆ ನಾಳೆ ಅನ್ನೋದೇ ಇಲ್ಲ. ನಿನ್ನೆ ನೀವು ಸೋತಿದ್ದು ಅದಕ್ಕೆ ನೆನಪಿರಲ್ಲ.

ಹಾಗಾದ್ರೆ ಕ್ಯಾಸಿನೊ ಯಜಮಾನ ಕೋಟಿ ಕೋಟಿ ಎಣಿಸಬೇಕಿತ್ತಲ್ಲ? ಇಲ್ಲಿದೆ ಮಜಾ. ತಾಜ್ ಕಟ್ಟಲು ಎತ್ತಿದ ಸಾಲ 67.5 ಕೋಟಿ ಡಾಲರ್. ಜಂಕ್ ಬಾಂಡ್ ಅಂತಾರೆ, ಅಪಾಯ ಜಾಸ್ತಿ, ಬಡ್ಡಿಯೂ ಜಾಸ್ತಿ. ಶೇಕಡ 14. ಗುಣಿಸಿ ನೋಡಿ, ವರ್ಷಕ್ಕೆ ಸುಮಾರು 9.45 ಕೋಟಿ ಡಾಲರ್ ಬರೀ ಬಡ್ಡಿ. ದಿನಕ್ಕೆ ಎರಡೂವರೆ ಲಕ್ಷ ಡಾಲರಿಗೂ ಮೇಲೆ. ಸಂಬಳ, ಕರೆಂಟು ಬೇರೆ. ಮಾರ್ವಿನ್ ರಾಫ್‌ಮನ್ ಅನ್ನೋ ವಿಶ್ಲೇಷಕ ಇದು ನಡೆಯಲ್ಲ ಅಂತ ಮೊದಲೇ ಪತ್ರಿಕೆಗೆ ಹೇಳಿದ್ದ. ಟ್ರಂಪ್ ಕೇಸ್ ಹಾಕ್ತೀನಿ ಅಂದ್ರು, ಆತನ ಕೆಲಸ ಹೋಯ್ತು. ಆದರೆ ಅವನ ಲೆಕ್ಕ ಸರಿಯಾಗೇ ಇತ್ತು. 1991ರ ಜುಲೈ, ಅಂದ್ರೆ ಹದಿನೈದೇ ತಿಂಗಳಿಗೆ, ತಾಜ್ ದಿವಾಳಿ ಅರ್ಜಿ ಹಾಕಿತು. ಅರ್ಧ ಪಾಲು ಸಾಲ ಕೊಟ್ಟವರ ಕೈಗೆ ಹೋಯಿತು. ಅಮೃತಶಿಲೆ ಹಾಸಿದ, ಗುಮ್ಮಟ ಕೂರಿಸಿದ ಸಣ್ಣ ಗುತ್ತಿಗೆದಾರರು ತಮ್ಮ ಬಾಕಿಗೆ ಕಾಯುತ್ತಾ ಕೂತರು. ಎಲ್ಲಿ ಹೋದ್ರೂ ಕೊನೆಗೆ ಕಾಯೋದು ಇವರೇ. ಹೇಗೋ ಕುಂಟುತ್ತಾ ನಡೆದು 2016ರ ಅಕ್ಟೋಬರ್‌ನಲ್ಲಿ ಬಾಗಿಲು ಹಾಕಿತು. ಮರುವರ್ಷ ಸಾಮಾನು ಸರಂಜಾಮೆಲ್ಲ ಮಾರಾಟಕ್ಕೆ ಬಂತು.

ಈಗ ನಮ್ಮ ಕಡೆ ಬನ್ನಿ. ಮೊದಲು ಗೌರಿಬಿದನೂರು ದಾಟಿ ಹಿಂದೂಪುರದ ಗಡಿಯಲ್ಲಿ ಇಸ್ಪೀಟ್ ಅಡ್ಡೆ ಅಂದ್ರೆ ಪೊಲೀಸರು ರೇಡ್ ಮಾಡಬಹುದಿತ್ತು. ಮೊಬೈಲಿಗೆ ಯಾವ ಗಡಿ? ನಮ್ಮ ಸರ್ಕಾರ 2021ರ ಅಕ್ಟೋಬರ್ 5ರಿಂದ ಹಣ ಕಟ್ಟಿ ಆಡುವ ಆನ್‌ಲೈನ್ ಆಟ ನಿಷೇಧಿಸಿತು. ಕೌಶಲದ ಆಟವನ್ನೂ ಜೂಜಿನ ಜೊತೆಗೇ ಸೇರಿಸಿದ್ದರಿಂದ 2022ರ ಫೆಬ್ರವರಿ 14ಕ್ಕೆ ಹೈಕೋರ್ಟ್ ಅದನ್ನು ರದ್ದು ಮಾಡಿತು. ನಾಲ್ಕು ತಿಂಗಳು ಚಿಲ್ಲರೆ ಬದುಕಿದ ಕಾನೂನು, ತಾಜ್‌ಗಿಂತ ಅಲ್ಪಾಯುಷಿ. 2025ರ ಆಗಸ್ಟ್‌ನಲ್ಲಿ ಸಂಸತ್ತೇ ಕಾನೂನು ಮಾಡಿತು. ಆಡಿಸುವವರಿಗೆ 3 ವರ್ಷದವರೆಗೆ ಜೈಲು, ಆಡಿದವನಿಗೆ ಶಿಕ್ಷೆ ಇಲ್ಲ. ಅದನ್ನೂ ಪ್ರಶ್ನಿಸಿ ಕೋರ್ಟಿಗೆ ಹೋದವರಿದ್ದಾರೆ.

ಆದ್ರೆ ಆ ಹುಡುಗ ತಂದ ಸಾಲದ ಬಡ್ಡಿ ಏರುತ್ತಲೇ ಇರುತ್ತೆ. ನೂರಕ್ಕೆ ತಿಂಗಳಿಗೆ 3 ರೂಪಾಯಿ, ಅಂದ್ರೆ ವರ್ಷಕ್ಕೆ ಶೇಕಡ 36. ಪ್ರತಿ ಸುತ್ತಿನಲ್ಲಿ ಗೆಲ್ಲುವ ಯಜಮಾನನಿಗೇ 14 ತೀರಿಸೋಕಾಗಲಿಲ್ಲ. ಇವನು ಪ್ರತಿ ಸುತ್ತಿನಲ್ಲೂ ಸೋಲುವ ಕಡೆ ಕೂತಿದ್ದಾನೆ.

ಆ ಹಿರಿಯರಿಗೆ ತೀರಲ್ಲ ಅಂದೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮೊಬೈಲ್ ಗೀಳಿಗೆ ಅಂತಲೇ 2014ರಿಂದ ಶಟ್ ಕ್ಲಿನಿಕ್ ಇದೆ, ಬೆಳಗ್ಗೆ ಬಸ್ ಹತ್ತಿದ್ರೆ ಸಂಜೆಗೆ ವಾಪಸ್ ಬರಬಹುದು ಅಂತಲೂ ಹೇಳಿದೆ. ಹುಡುಗನನ್ನ ಅಲ್ಲಿಗೇ ಕರೆಸಿದ್ರು. ಪೇಪರ್ ಮೇಲೆ 38 ಮನೆಯ ಲೆಕ್ಕ ಬರೆದು ತೋರಿಸಿದೆ. ನೋಡ್ತಾ ಕೂತ. ಸಾಲ ಒಟ್ಟು ಎಷ್ಟಪ್ಪಾ ಅಂತ ಕೇಳಿದೆ. ಅಪ್ಪನ ಮುಖ ನೋಡಿದ, ಬಾಯಿ ಬಿಡಲಿಲ್ಲ. ಅವರು ಇನ್ನೊಂದು ಟೀ ಹೇಳೋಕೆ ಎದ್ದು ಹೋದ ಮೇಲೆ ಹೇಳಿದ. ಅಪ್ಪನಿಗೆ ಗೊತ್ತಿದ್ದದ್ದರ ಎರಡರಷ್ಟಿತ್ತು.