ಸಂಘ ಕಟ್ಟುವ ಹಕ್ಕು ಮತ್ತು ಶ್ರಾವಕರ ಹೊಣೆ

(ಸಮಾಜದ ವಾರ್ಷಿಕ ಸಮಾವೇಶದಲ್ಲಿ ನೀಡಿದ ಉಪನ್ಯಾಸದ ಲಿಖಿತ ರೂಪ)



ಬೆಲಾರುಸ್ ದೇಶದ ಸ್ವತಂತ್ರ ಕಾರ್ಮಿಕ ಸಂಘಗಳ ಒಕ್ಕೂಟದ ಅಧ್ಯಕ್ಷರಾಗಿದ್ದವರು ಅಲಿಯಾಕ್ಸಾಂದರ್ ಯಾರಾಶುಕ್. ಉಕ್ರೇನಿನ ಮೇಲಿನ ಯುದ್ಧವನ್ನು ಅವರ ಒಕ್ಕೂಟ ಬಹಿರಂಗವಾಗಿ ವಿರೋಧಿಸಿತ್ತು. 2022ರ ಏಪ್ರಿಲ್ 19ರಂದು ಅವರನ್ನೂ ಇತರ ಹಲವು ಸಂಘನಾಯಕರನ್ನೂ ಬಂಧಿಸಲಾಯಿತು. ಜುಲೈ ತಿಂಗಳಲ್ಲಿ ಅಲ್ಲಿನ ಸರ್ವೋಚ್ಚ ನ್ಯಾಯಾಲಯವು ಒಕ್ಕೂಟವನ್ನೇ ವಿಸರ್ಜಿಸಿತು. ಡಿಸೆಂಬರಿನಲ್ಲಿ ಯಾರಾಶುಕರಿಗೆ ನಾಲ್ಕು ವರ್ಷಗಳ ಸೆರೆವಾಸ ವಿಧಿಸಲಾಯಿತು. ಅವರು ಆಗ ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯ ಆಡಳಿತ ಮಂಡಳಿಯ ಸದಸ್ಯರೂ ಆಗಿದ್ದರು ಎಂಬುದನ್ನು ಗಮನಿಸಬೇಕು. ಜಗತ್ತಿನ ಕಾರ್ಮಿಕರ ಹಕ್ಕುಗಳನ್ನು ಕಾಯುವ ಮಂಡಳಿಯ ಸದಸ್ಯರಿಗೇ ಈ ಗತಿ ಒದಗಿತು.

ಇಂತಹ ಸಂದರ್ಭದಲ್ಲಿ ಜಿನೀವಾದ ಆ ಸಂಸ್ಥೆ ಏನು ಮಾಡಬಲ್ಲದು? ಅದರ ಬಳಿ ಪೊಲೀಸರಿಲ್ಲ, ಸೆರೆಮನೆಯ ಕೀಲಿಕೈ ಇಲ್ಲ. 1951ರಲ್ಲಿ ಅದು ಸಂಘ ಸ್ವಾತಂತ್ರ್ಯ ಸಮಿತಿಯೊಂದನ್ನು ಸ್ಥಾಪಿಸಿತು. ಸರ್ಕಾರಗಳ, ಮಾಲೀಕರ ಮತ್ತು ಕಾರ್ಮಿಕರ ಪ್ರತಿನಿಧಿಗಳು ಸಮಸಂಖ್ಯೆಯಲ್ಲಿ ಕುಳಿತು, ಸ್ವತಂತ್ರ ಅಧ್ಯಕ್ಷರೊಬ್ಬರ ಸಮ್ಮುಖದಲ್ಲಿ ದೂರುಗಳನ್ನು ಪರಿಶೀಲಿಸುತ್ತಾರೆ. ಇದುವರೆಗೆ ಮೂರು ಸಾವಿರಕ್ಕೂ ಹೆಚ್ಚು ದೂರುಗಳು ಅಲ್ಲಿಗೆ ಬಂದಿವೆ. ಸಂಬಂಧಿಸಿದ ಒಡಂಬಡಿಕೆಗಳಿಗೆ ಸಹಿ ಹಾಕದ ದೇಶದ ವಿರುದ್ಧವೂ ದೂರು ಸಲ್ಲಿಸಬಹುದು ಎಂಬುದು ಈ ಸಮಿತಿಯ ವೈಶಿಷ್ಟ್ಯ.

ಬೆಲಾರುಸಿನ ವಿಷಯದಲ್ಲಿ 2003ರಲ್ಲಿಯೇ ವಿಚಾರಣಾ ಆಯೋಗದ ನೇಮಕವಾಗಿತ್ತು. 2004ರಲ್ಲಿ ಅದು ಹನ್ನೆರಡು ಶಿಫಾರಸುಗಳನ್ನು ಮಾಡಿತು. ಸರ್ಕಾರ ಅವುಗಳನ್ನು ವರ್ಷಗಟ್ಟಲೆ ಮುಂದೂಡುತ್ತ ಬಂದಿತು. ಕೊನೆಗೆ 2023ರ ಜೂನ್‌ನಲ್ಲಿ ಸಂಘಟನೆಯು ತನ್ನ ಸಂವಿಧಾನದ 33ನೆಯ ವಿಧಿಯನ್ನು ಪ್ರಯೋಗಿಸಿ, ಆ ದೇಶದೊಂದಿಗಿನ ಸಂಬಂಧಗಳನ್ನು ಮರುಪರಿಶೀಲಿಸುವಂತೆ ಸದಸ್ಯ ರಾಷ್ಟ್ರಗಳನ್ನು ಕೋರಿತು. 1919ರಲ್ಲಿ ಹುಟ್ಟಿದ ಸಂಸ್ಥೆ ಈ ವಿಧಿಯನ್ನು ಬಳಸಿದ್ದು ಅಲ್ಲಿಯವರೆಗೆ ಎರಡೇ ಬಾರಿ.

2025ರ ಸೆಪ್ಟೆಂಬರಿನಲ್ಲಿ ಯಾರಾಶುಕರ ಬಿಡುಗಡೆಯಾಯಿತು. ಅದಕ್ಕೆ ನೇರ ಕಾರಣ ಅಮೆರಿಕದೊಡನೆ ನಡೆದ ರಾಜತಾಂತ್ರಿಕ ಮಾತುಕತೆ. ಸೆರೆಯಿಂದ ಹೊರಬಂದವರನ್ನು ಲಿಥುವೇನಿಯಾಕ್ಕೆ ಕಳುಹಿಸಲಾಯಿತು. ಹಾಗಾದರೆ ಜಿನೀವಾದ ಇಪ್ಪತ್ತು ವರ್ಷಗಳ ಶ್ರಮ ವ್ಯರ್ಥವೇ? ನಾನು ಹಾಗೆ ತಿಳಿಯುವುದಿಲ್ಲ. ಆ ದಾಖಲೆಗಳಿಲ್ಲದಿದ್ದರೆ ಆಳುವವರು ಅವರನ್ನು ದೇಶದ್ರೋಹಿಗಳೆಂದು ಕರೆದು ಜಗತ್ತಿನ ನೆನಪಿನಿಂದಲೇ ಅಳಿಸಿಬಿಡುತ್ತಿದ್ದರು. ಆದರೆ ವ್ಯಕ್ತಿಯ ಬಿಡುಗಡೆಯೇ ಸಂಘದ ಬಿಡುಗಡೆಯಲ್ಲ ಎಂಬ ಮಾತೂ ಅಷ್ಟೇ ನಿಜ.

ಇದಕ್ಕೂ ನಮಗೂ ಏನು ಸಂಬಂಧವೆಂದು ತಾವು ಕೇಳಬಹುದು. 2011ರ ಜನಗಣತಿಯಂತೆ ನಾವು ಸುಮಾರು 44 ಲಕ್ಷ ಮಂದಿ, ದೇಶದ ಜನಸಂಖ್ಯೆಯಲ್ಲಿ ಶೇಕಡಾ ಅರ್ಧಕ್ಕಿಂತಲೂ ಕಡಿಮೆ. ಸಮ್ಮೇದ ಶಿಖರಜಿಯನ್ನು ಪ್ರವಾಸಿ ತಾಣವಾಗಿಸುವ ಕ್ರಮದ ವಿರುದ್ಧ ಮುಂಬಯಿಯಲ್ಲಿ, ದೆಹಲಿಯಲ್ಲಿ ನಾವು ಬೀದಿಗಿಳಿದೆವು. 2023ರ ಜನವರಿಯಲ್ಲಿ ಕೇಂದ್ರ ಸರ್ಕಾರ ಅಲ್ಲಿನ ಪ್ರವಾಸೋದ್ಯಮ ಚಟುವಟಿಕೆಗಳಿಗೆ ತಡೆ ನೀಡಿತು. ಅಂದು ನಮ್ಮ ಮುಖಂಡರನ್ನು ಸೆರೆಗೆ ತಳ್ಳಿ ನಮ್ಮ ಸಂಸ್ಥೆಗಳನ್ನು ವಿಸರ್ಜಿಸಿದ್ದರೆ ತೀರ್ಥದ ಪಾವಿತ್ರ್ಯವನ್ನು ಕಾಯುವವರು ಯಾರಿದ್ದರು? ನಮಗೆ ಆಸರೆಯಾದ ಹಕ್ಕೂ ಗಿರಣಿ ಕಾರ್ಮಿಕನ ಹಕ್ಕೂ ಸಂವಿಧಾನದ 19ನೆಯ ವಿಧಿಯಲ್ಲಿ ಒಂದೇ ಕಡೆ ಇವೆ.

ಇನ್ನೊಂದು ಮಾತನ್ನು ಸ್ವಲ್ಪ ಸಂಕೋಚದಿಂದಲೇ ಹೇಳುತ್ತೇನೆ. ನಮ್ಮಲ್ಲಿ ಅನೇಕರು ಅಂಗಡಿ, ಕಾರ್ಖಾನೆಗಳ ಒಡೆಯರು. ದೆಹಲಿಯ ಲಾಲ್ ಮಂದಿರದ ಪಕ್ಷಿ ಆಸ್ಪತ್ರೆಗೆ ಕೈತುಂಬ ದಾನ ಮಾಡುವ ನಾವು, ನಮ್ಮ ಕೆಲಸಗಾರರು ಯೂನಿಯನ್ ಎಂದೊಡನೆ ಹುಬ್ಬು ಗಂಟಿಕ್ಕುತ್ತೇವೆ. ಅಹಿಂಸಾಣುವ್ರತದ ಅತಿಚಾರಗಳಲ್ಲಿ ಬಂಧನವೂ ಇದೆ, ಅತಿಭಾರ ಹೇರುವುದೂ ಇದೆ, ಅನ್ನಪಾನ ತಡೆಯುವುದೂ ಇದೆ. ಇವನ್ನು ಎತ್ತು ಕುದುರೆಗಳಿಗಷ್ಟೇ ಅನ್ವಯಿಸಿ ಮನುಷ್ಯರನ್ನು ಬಿಟ್ಟುಬಿಡುವುದು ಯಾವ ಧರ್ಮ?

ನಮ್ಮ ಪರಂಪರೆಯಲ್ಲಿ ಬೇರೆ ಮಾದರಿಯೂ ಉಂಟು. 1918ರ ಅಹಮದಾಬಾದ್ ಗಿರಣಿ ಮುಷ್ಕರದಲ್ಲಿ ಜೈನ ಮನೆತನದ ಅಂಬಾಲಾಲ್ ಸಾರಾಭಾಯಿ ಮಾಲೀಕರ ಪಕ್ಷದ ಮುಂದಾಳು. ಅವರ ಅಕ್ಕ ಅನಸೂಯಾಬೆನ್ ಗಾಂಧೀಜಿಯೊಡನೆ ಕಾರ್ಮಿಕರ ಪಕ್ಷದಲ್ಲಿ ನಿಂತರು. ತಮ್ಮನು ಅಕ್ಕನನ್ನು ಶತ್ರುವೆಂದು ಬಗೆಯಲಿಲ್ಲ. ವ್ಯಾಜ್ಯ ಪಂಚಾಯಿತಿಯಿಂದ ತೀರಿತು. 1920ರಲ್ಲಿ ಮಜೂರ್ ಮಹಾಜನ ಸಂಘ ಹುಟ್ಟಿತು. ಅನೇಕಾಂತವನ್ನು ವ್ಯವಹಾರದಲ್ಲಿ ಆಚರಿಸಿದ ರೀತಿ ಅದು.

ಭಾರತವು ಆ ಅಂತರರಾಷ್ಟ್ರೀಯ ಸಂಘಟನೆಯ ಸ್ಥಾಪಕ ಸದಸ್ಯ. ಆದರೂ ಸಂಘ ಸ್ವಾತಂತ್ರ್ಯದ 87ನೆಯ ಮತ್ತು ಸಾಮೂಹಿಕ ಚೌಕಾಸಿಯ 98ನೆಯ ಒಡಂಬಡಿಕೆಗಳನ್ನು ಅದು ಅನುಮೋದಿಸಿಲ್ಲ. ಸರ್ಕಾರಿ ನೌಕರರ ಸೇವಾ ನಿಯಮಗಳು ಅಡ್ಡಿಯೆಂಬುದು ಸರ್ಕಾರದ ಸಮಜಾಯಿಷಿ. ಬೆಲಾರುಸ್ 1956ರಲ್ಲಿಯೇ ಅನುಮೋದಿಸಿತ್ತು. ಸಹಿಯೊಂದರಿಂದಲೇ ಹಕ್ಕು ಉಳಿಯದು ಎಂಬುದಕ್ಕೆ ಅದೇ ಸಾಕ್ಷಿ. ಆದರೆ ಸಹಿಯಿದ್ದ ಕಾರಣದಿಂದಲೇ ಆ ಸರ್ಕಾರವನ್ನು ವಿಚಾರಣಾ ಆಯೋಗದ ಮುಂದೆ ನಿಲ್ಲಿಸಲು ಸಾಧ್ಯವಾಯಿತು.

ಆದ್ದರಿಂದ ಈ ಸಭೆಯ ಮುಂದೆ ಎರಡು ವಿನಂತಿಗಳನ್ನಿಡುತ್ತೇನೆ. ಈ ಎರಡು ಒಡಂಬಡಿಕೆಗಳ ಅನುಮೋದನೆಯನ್ನು ಕೋರಿ ನಮ್ಮ ಸಂಸ್ಥೆಗಳು ತಮ್ಮ ಸಂಸದರಿಗೆ ಮನವಿ ಸಲ್ಲಿಸಲಿ. ನಮ್ಮ ಉದ್ಯಮಗಳಲ್ಲಿ ಸಂಘ ಸೇರಿದ ಕಾರಣಕ್ಕೆ ಯಾರನ್ನೂ ಕೆಲಸದಿಂದ ತೆಗೆಯುವುದಿಲ್ಲವೆಂಬ ನಿಯಮವನ್ನು ಈ ಪರ್ಯೂಷಣದೊಳಗೆ ನಾವೇ ಸ್ವೀಕರಿಸೋಣ. ಮೊದಲನೆಯದು ದೆಹಲಿಯವರ ಕೈಯಲ್ಲಿದೆ. ಎರಡನೆಯದಕ್ಕೆ ಯಾರ ಅಪ್ಪಣೆಯೂ ಬೇಕಿಲ್ಲ.