ಪಾಠವಿದೆ, ತಾಲೀಮು ಬೇಕಾಗಿದೆ

(ಕೊಪ್ಪಳದಲ್ಲಿ ಶಿಕ್ಷಕರು ಹಾಗೂ ವೃತ್ತಿ ತರಬೇತುದಾರರ ಸಭೆಯಲ್ಲಿ ಮಾಡಿದ ಭಾಷಣದ ಲಿಖಿತ ರೂಪ)

ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾಗಳಿಂದ ಬಂದಿರುವ ಶಾಲಾ ಶಿಕ್ಷಕರೇ, ಮದ್ರಸಗಳ ಮುಅಲ್ಲಿಮರೇ, ಹೊಲಿಗೆ ಕಲಿಸುವ ಸಹೋದರಿಯರೇ, ಗ್ಯಾರೇಜು ಮತ್ತು ಗರಡಿಗಳ ಉಸ್ತಾದರೇ,



ನಮ್ಮ ಈ ಭಾಗದಲ್ಲಿ ಉಸ್ತಾದ್ ಎಂಬ ಗೌರವದ ಪದ ಒಬ್ಬರಿಗೆ ಮೀಸಲಾದುದಲ್ಲ. ಮಗುವಿಗೆ ಅಲಿಫ್, ಬಾ ಕಲಿಸುವವರು ಉಸ್ತಾದ್. ಕುಸ್ತಿಯ ಪಟ್ಟು ಹೇಳಿಕೊಡುವವರೂ ಉಸ್ತಾದ್. ಲಾರಿಯ ಇಂಜಿನ್ ಬಿಚ್ಚಿ ಮರಳಿ ಜೋಡಿಸುವುದನ್ನು ಹುಡುಗನಿಗೆ ಕಲಿಸುವವರೂ ಉಸ್ತಾದ್. ಹಾಗೆಯೇ ಅರಬಿಯಲ್ಲಿ ತಅಲೀಮ್ ಎಂದರೆ ಬೋಧನೆ. ಆ ಪದವೇ ಕನ್ನಡಕ್ಕೆ ಬಂದು ತಾಲೀಮು ಎನಿಸಿಕೊಂಡಿತು, ಮೈಕೈಗೆ ಕೊಡುವ ಅಭ್ಯಾಸ ಎಂಬ ಅರ್ಥ ಪಡೆಯಿತು. ಬೋಧನೆ ಮತ್ತು ಅಭ್ಯಾಸ ಒಂದೇ ಬೇರಿನ ಎರಡು ಕವಲುಗಳು ಎಂಬುದನ್ನು ಈ ಪದವೇ ಸಾರುತ್ತಿದೆ. ಹವಾಮಾನ ಬದಲಾವಣೆಯ ವಿಷಯದಲ್ಲಿ ನಾವು ಮರೆತಿರುವುದು ಇದನ್ನೇ. ನಮ್ಮಲ್ಲಿ ಪಾಠವಿದೆ, ತಾಲೀಮು ಇಲ್ಲ. ಇಂದು ತಮ್ಮ ಮುಂದೆ ನಾವು ಹೇಳಬಯಸುವ ಮಾತು ಇಷ್ಟೇ. ಉಳಿದುದೆಲ್ಲ ಇದರ ವಿವರಣೆ.

ಮೊದಲು ನಮ್ಮ ಜಿಲ್ಲೆಯತ್ತ ನೋಡೋಣ. 2009ರ ಸೆಪ್ಟೆಂಬರ್ ಕೊನೆ ಮತ್ತು ಅಕ್ಟೋಬರ್ ಆರಂಭದ ಮಳೆಗೆ ಉತ್ತರ ಕರ್ನಾಟಕ ತತ್ತರಿಸಿತು. ಬರದ ನಾಡೆಂದು ಹೆಸರಾದ ನಮ್ಮ ಊರುಗಳಲ್ಲಿಯೂ ಮಣ್ಣಿನ ಮನೆಗಳು ಕುಸಿದವು. 2023ರಲ್ಲಿ ಮಳೆ ಕೈಕೊಟ್ಟಿತು; ರಾಜ್ಯದ 200ಕ್ಕೂ ಹೆಚ್ಚು ತಾಲೂಕುಗಳನ್ನು ಬರಪೀಡಿತವೆಂದು ಸರಕಾರ ಘೋಷಿಸಿತು. ಮರುವರ್ಷ ತುಂಗಭದ್ರೆ ತುಂಬಿದಳು ಎಂದು ಸಂತಸಪಡುತ್ತಿರುವಾಗಲೇ, 2024ರ ಆಗಸ್ಟ್ 10ರ ರಾತ್ರಿ, ಜಲಾಶಯದ 33 ಗೇಟುಗಳ ಪೈಕಿ 19ನೆಯದು ಸರಪಳಿ ತುಂಡಾಗಿ ಕೊಚ್ಚಿಹೋಯಿತು. ಸರಪಳಿ ತುಂಡಾದುದಕ್ಕೆ ಹವಾಮಾನವನ್ನು ದೂರುವುದು ನ್ಯಾಯವಲ್ಲ. ಅದು ನಿರ್ವಹಣೆಯ ಪ್ರಶ್ನೆ. ಆದರೆ ಮಳೆ ನಂಬಿಕೆಗೆ ಎರವಾದ ಕಾಲದಲ್ಲಿ ಸಂಗ್ರಹಿಸಿದ ನೀರು ಎಷ್ಟು ಅಮೂಲ್ಯ ಎಂಬುದನ್ನು ಆ ಒಂದು ರಾತ್ರಿ ನಮಗೆ ಕಲಿಸಿತು. 133 ಟಿಎಂಸಿ ಹಿಡಿಯಲೆಂದು ಕಟ್ಟಿದ ಜಲಾಶಯ ಹೂಳು ತುಂಬಿ ಸುಮಾರು 105 ಟಿಎಂಸಿಗೆ ಇಳಿದಿದೆ ಎಂಬುದೂ ನೆನಪಿರಲಿ.

ಇತ್ತ ಜಗತ್ತಿನ ಮಟ್ಟದಲ್ಲಿ, ದಾಖಲೆಗಳಿರುವ ವರ್ಷಗಳಲ್ಲೇ 2024 ಅತ್ಯಂತ ಬಿಸಿಯಾದ ವರ್ಷವೆನಿಸಿತು. ಕೈಗಾರಿಕಾ ಯುಗದ ಮುಂಚಿನ ಸರಾಸರಿಗಿಂತ 1.5 ಡಿಗ್ರಿ ಸೆಲ್ಸಿಯಸ್ ಮೀರಿದ ಮೊದಲ ವರ್ಷವೂ ಅದೇ.

ಹಾಗಾದರೆ ಶಿಕ್ಷಣದಲ್ಲಿ ಈ ವಿಷಯ ಇಲ್ಲವೇ? ಇದೆ. ಎಂ.ಸಿ. ಮೆಹ್ತಾ ಅವರು ಹೂಡಿದ ಮೊಕದ್ದಮೆಯಲ್ಲಿ ಸುಪ್ರೀಮ್ ಕೋರ್ಟು 1991ರಲ್ಲಿಯೇ ಪರಿಸರ ಶಿಕ್ಷಣ ಕಡ್ಡಾಯವಾಗಬೇಕೆಂದು ನಿರ್ದೇಶಿಸಿತು. 1992ರ ವಿಶ್ವಸಂಸ್ಥೆಯ ಹವಾಮಾನ ಒಪ್ಪಂದದ 6ನೇ ವಿಧಿಯೂ 2015ರ ಪ್ಯಾರಿಸ್ ಒಪ್ಪಂದದ 12ನೇ ವಿಧಿಯೂ ಶಿಕ್ಷಣದ ಪಕ್ಕದಲ್ಲಿಯೇ ತರಬೇತಿ ಎಂಬ ಪದವನ್ನು ಇರಿಸಿವೆ. ನಮ್ಮಲ್ಲಿ ಆದುದೇನು? ಶಿಕ್ಷಣ ಪುಸ್ತಕಕ್ಕೆ ಬಂತು, ತರಬೇತಿ ಬರಲಿಲ್ಲ. ಹಸಿರುಮನೆ ಅನಿಲಗಳ ಹೆಸರು ಬರೆದು ಪೂರ್ಣಾಂಕ ಪಡೆದ ವಿದ್ಯಾರ್ಥಿ, ಮನೆಯ ಸೋರುವ ನಲ್ಲಿಯ ಮುಂದೆ ದಿನವೂ ಹಾದುಹೋಗುತ್ತಾನೆ. ಎಂಟನೆಯದಕ್ಕೋ ಒಂಬತ್ತನೆಯದಕ್ಕೋ ಶಾಲೆ ಬಿಟ್ಟು ಗ್ಯಾರೇಜು ಸೇರಿದ ನಮ್ಮ ಸಮುದಾಯದ ಹುಡುಗನಿಗಂತೂ ಆ ಪುಸ್ತಕ ತಲುಪುವುದೇ ಇಲ್ಲ. ಅವನನ್ನು ತಲುಪುವವರು ಇಲ್ಲಿ ಕುಳಿತಿರುವ ತಾವು ಮಾತ್ರ.

ಒಂದು ಉದಾಹರಣೆ ಕೊಡುತ್ತೇವೆ. ನಮ್ಮ ಪಟ್ಟಣಗಳಲ್ಲಿ ಫ್ರಿಜ್, ಎ.ಸಿ. ರಿಪೇರಿ ಮಾಡುವ ಯುವಕರು ಬಹಳ. ಹಳೆಯ ಎ.ಸಿ.ಯನ್ನು ಒಂದು ಮನೆಯಿಂದ ಬಿಚ್ಚಿ ಇನ್ನೊಂದಕ್ಕೆ ಸಾಗಿಸುವಾಗ ಪೈಪನ್ನು ಸಡಿಲಿಸಿ ಗ್ಯಾಸನ್ನು ಗಾಳಿಗೆ ಬಿಟ್ಟುಬಿಡುವುದುಂಟು. 'ಬುಸ್' ಎಂಬ ಒಂದು ಸದ್ದು, ಕೆಲಸ ಮುಗಿಯಿತು. ಹಳೆಯ ಯಂತ್ರಗಳಲ್ಲಿರುವ ಆರ್-22 ಎಂಬ ಆ ಗ್ಯಾಸು ನೂರು ವರ್ಷಗಳ ಲೆಕ್ಕದಲ್ಲಿ ಇಂಗಾಲದ ಡೈಆಕ್ಸೈಡಿಗಿಂತ 1,700 ಪಟ್ಟಿಗೂ ಹೆಚ್ಚು ಶಾಖವನ್ನು ಹಿಡಿದಿಡುತ್ತದೆ. ಒಂದು ಲೀಟರ್ ಪೆಟ್ರೋಲು ಉರಿದರೆ ಹೊರಬರುವುದು ಸುಮಾರು 2.3 ಕಿಲೋ ಇಂಗಾಲದ ಡೈಆಕ್ಸೈಡ್. ಅಂದರೆ ಒಂದು ಕಿಲೋ ಗ್ಯಾಸನ್ನು ಗಾಳಿಗೆ ಬಿಡುವುದು 700 ಲೀಟರಿಗೂ ಹೆಚ್ಚು ಪೆಟ್ರೋಲು ಸುಟ್ಟಂತೆ! ಬೈಕು ಬಿಟ್ಟು ಸೈಕಲ್ ಹತ್ತಿ ವರ್ಷಗಟ್ಟಲೆ ಉಳಿಸಿದುದು ಆ ಒಂದು ಸದ್ದಿನಲ್ಲಿ ಹೋಯಿತು.

ಇದಕ್ಕೆ ಪರಿಹಾರ ದೊಡ್ಡ ಯಂತ್ರವೇನಲ್ಲ. ಬಿಚ್ಚುವ ಮುನ್ನ ಯಂತ್ರವನ್ನು ಚಾಲೂ ಇಟ್ಟು, ವಾಲ್ವ್ ಮುಚ್ಚಿ, ಗ್ಯಾಸನ್ನು ಹೊರಗಿನ ಪೆಟ್ಟಿಗೆಯಲ್ಲಿಯೇ ಸೇರಿಸಿಡುವ 'ಪಂಪ್ ಡೌನ್' ವಿಧಾನ ಬಲ್ಲವರು ಇಲ್ಲಿಯೇ ಇದ್ದೀರಿ. ಸೋರಿಕೆ ಹುಡುಕಿ ಬೆಸುಗೆ ಹಾಕಿದ ನಂತರವೇ ಹೊಸ ಗ್ಯಾಸು ತುಂಬಬೇಕೆಂಬುದನ್ನೂ ಬಲ್ಲಿರಿ. ಕೇಂದ್ರ ಸರಕಾರದ 2019ರ ಶೈತ್ಯೀಕರಣ ಕ್ರಿಯಾ ಯೋಜನೆ ಒಂದು ಲಕ್ಷ ತಂತ್ರಜ್ಞರಿಗೆ ತರಬೇತಿ ಮತ್ತು ಪ್ರಮಾಣಪತ್ರ ಕೊಡುವ ಗುರಿ ಇಟ್ಟುಕೊಂಡಿತ್ತು. ಅಂಥ ಪ್ರಮಾಣಪತ್ರವಿರುವ ಹುಡುಗನ ದುಡಿಮೆಗೂ ಬೆಲೆ ಬರುತ್ತದೆ. ಪುಣ್ಯವೂ ಪಗಾರವೂ ಒಂದೇ ದಾರಿಯಲ್ಲಿ ಸಿಗುವ ಇಂತಹ ಅವಕಾಶವನ್ನು ನಾವೇಕೆ ಕಡೆಗಣಿಸಬೇಕು?

ಇನ್ನು ಗಂಗಾವತಿ. ಭತ್ತದ ಕಣಜವೆಂದು ಹೆಸರಾದ ಊರು. ಆದರೆ ಸದಾ ನೀರು ನಿಂತ ಗದ್ದೆಯ ಕೆಸರಿನಲ್ಲಿ ಮೀಥೇನ್ ಅನಿಲ ಹುಟ್ಟುತ್ತದೆ. ಇಪ್ಪತ್ತು ವರ್ಷಗಳ ಲೆಕ್ಕದಲ್ಲಿ ಅದು ಇಂಗಾಲದ ಡೈಆಕ್ಸೈಡಿಗಿಂತ 80 ಪಟ್ಟು ಹೆಚ್ಚು ಶಾಖವನ್ನು ಹಿಡಿಯುತ್ತದೆ. ನೀರು ನಿಂತೇ ಇರಬೇಕೆಂಬುದು ರೂಢಿಯೇ ಹೊರತು ಬೆಳೆಯ ಬೇಡಿಕೆಯಲ್ಲ. ಕೆಳಭಾಗಕ್ಕೆ ರಂಧ್ರಗಳಿರುವ ಒಂದಡಿ ಉದ್ದದ ಪೈಪನ್ನು ಗದ್ದೆಯಲ್ಲಿ ಅರ್ಧದಷ್ಟು ಹೂತು, ಅದರೊಳಗೆ ನೀರು ನೆಲಮಟ್ಟಕ್ಕಿಂತ 15 ಸೆಂಟಿಮೀಟರ್ ಕೆಳಗೆ ಇಳಿದಾಗ ಮಾತ್ರ ನೀರು ಹಾಯಿಸುವ ಪದ್ಧತಿಯನ್ನು ಭತ್ತದ ವಿಜ್ಞಾನಿಗಳು ರೂಪಿಸಿದ್ದಾರೆ. ಹೂ ಬಿಡುವ ಹೊತ್ತಿಗೆ ಮಾತ್ರ ನೀರು ನಿಲ್ಲಿಸಬೇಕು. ಕೂರಿಗೆಯಿಂದ ನೇರ ಭತ್ತ ಬಿತ್ತುವ ರೈತರು ನಮ್ಮ ಕಾಲುವೆ ಪ್ರದೇಶದಲ್ಲಿಯೇ ಇದ್ದಾರೆ. ಗಂಗಾವತಿಯಲ್ಲಿ ಕೃಷಿ ವಿಜ್ಞಾನ ಕೇಂದ್ರವೂ ಇದೆ. ಮಕ್ಕಳನ್ನು ಪ್ರವಾಸವೆಂದು ಹಂಪಿಗೆ ಕರೆದೊಯ್ಯುವ ನಮ್ಮ ಶಾಲೆಗಳು ಒಂದು ದಿನ ಅಂಥ ಗದ್ದೆಗೂ ಕರೆದೊಯ್ದರೆ, ಆ ಮಗು ಮನೆಗೆ ಹೋಗಿ ತಂದೆಗೆ ಹೇಳುವ ಮಾತು ಯಾವ ಭಾಷಣಕ್ಕಿಂತಲೂ ಪರಿಣಾಮಕಾರಿ. ಮೇಲ್ಗಾಲುವೆಯಲ್ಲಿ ಉಳಿಸಿದ ನೀರು ಕೆಳಭಾಗದ ರೈತನ ಹಕ್ಕು ಎಂಬ ನ್ಯಾಯದ ಪಾಠವೂ ಅದರಲ್ಲಿದೆ.

ಕುಷ್ಟಗಿ, ಯಲಬುರ್ಗಾದ ಬಂಧುಗಳಿಗೆ ಬಿಸಿಲಿನ ಬಗ್ಗೆ ನಾವು ಹೇಳಿಕೊಡಬೇಕಾಗಿಲ್ಲ. ಏಪ್ರಿಲ್, ಮೇ ತಿಂಗಳುಗಳಲ್ಲಿ ಕಲಬುರಗಿ ವಿಭಾಗದ ಸರಕಾರಿ ಕಚೇರಿಗಳ ವೇಳೆಯನ್ನು ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ಕ್ಕೆ ಬದಲಿಸುವ ಆದೇಶ ಬರುತ್ತದೆ. ಫ್ಯಾನಿನ ಕೆಳಗೆ ಕುಳಿತವರಿಗೆ ಈ ರಿಯಾಯಿತಿ ಇರುವಾಗ, ತಗಡಿನ ಛಾವಣಿಯ ಕೆಳಗೆ ವೆಲ್ಡಿಂಗ್ ಮಾಡುವ ಹುಡುಗನಿಗೇಕಿಲ್ಲ? ಸಂಜೆ 4ಕ್ಕೇ ಮಕ್ಕಳನ್ನು ಮೈದಾನಕ್ಕಿಳಿಸುವ ಆಟದ ತರಬೇತುದಾರರು ಆ ಎರಡು ತಿಂಗಳು ವೇಳೆಯನ್ನು ಮುಂಜಾವಿಗೆ ಬದಲಿಸಲಿ. ತಲೆ ಸುತ್ತು, ತೊದಲು ಮಾತು, ಸುಡುವ ಮೈ ಕಂಡರೆ ಅದು ಆಲಸ್ಯವಲ್ಲ, ಉಷ್ಣಾಘಾತ. ನೆರಳಿಗೆ ತಂದು, ಮೈಗೆ ನೀರು ಹಾಕಿ, ತಡಮಾಡದೆ ಆಸ್ಪತ್ರೆಗೆ ಒಯ್ಯಬೇಕೆಂಬುದನ್ನು ಪ್ರತಿಯೊಬ್ಬ ಉಸ್ತಾದರೂ ಕಲಿಸಲಿ. ಬಣ್ಣ ಹಚ್ಚುವ ಕೆಲಸ ಕಲಿಸುವವರು ಬೇಸಿಗೆಗೆ ಮುನ್ನ ಒಂದು ಬಡ ಮನೆಯ ಮಾಳಿಗೆಗೆ ಬಿಳಿ ಸುಣ್ಣ ಬಳಿಸಲಿ. ಕೆಳಗೆ ಮಲಗುವ ಕೂಸಿಗೆ ಅದರ ವ್ಯತ್ಯಾಸ ತಿಳಿಯುತ್ತದೆ.

ಹೊಲಿಗೆ ತರಗತಿಗಳ ಸಹೋದರಿಯರಿಗೆ ಒಂದು ಮಾತು. ಹಳೆಯ ಸೀರೆ, ಲುಂಗಿಗಳನ್ನು ಕೌದಿ ಮಾಡಿದ ಅಜ್ಜಿಯರು, ಹಳೆಯ ಗಾದಿಯ ಅರಳೆಯನ್ನು ಬಿಡಿಸಿ ಮತ್ತೆ ಹೊಸದು ಮಾಡಿಕೊಟ್ಟ ನಮ್ಮ ಪಿಂಜಾರ ಬಂಧುಗಳು, ಇವರಾರೂ ಪರಿಸರದ ಪುಸ್ತಕ ಓದಿದವರಲ್ಲ. ಆ ವಿದ್ಯೆಯನ್ನು ಬಡತನದ ಗುರುತೆಂದು ನಾಚಿ ಬಿಟ್ಟವರು ನಾವು. ಅದನ್ನು ಮತ್ತೆ ಪಾಠಪಟ್ಟಿಗೆ ಸೇರಿಸಿ.

ಈಗ ನಮ್ಮದೇ ಅಂಗಳಕ್ಕೆ ಬರೋಣ. ನಾವು ಮದ್ರಸದಲ್ಲಿ ಓದುತ್ತಿದ್ದಾಗ ಪ್ರವಾದಿ(ಸ)ರವರು ಒಂದು ಮುದ್ದ್‌ನಷ್ಟು ನೀರಿನಿಂದ ವುಝೂ ಮಾಡುತ್ತಿದ್ದರೆಂಬ ಹದೀಸನ್ನು ಕಂಠಪಾಠ ಮಾಡಿದೆವು. ಮುದ್ದ್ ಎಂದರೆ ಹೆಚ್ಚುಕಡಿಮೆ ಒಂದು ಲೀಟರ್. ಆದರೆ ಕಂಠಪಾಠ ಒಪ್ಪಿಸಿ ಹೊರಬಂದು ನಲ್ಲಿಯನ್ನು ಪೂರ್ತಿ ತಿರುಗಿಸಿ ಮಾತನಾಡುತ್ತಾ ವುಝೂ ಮಾಡಿದೆವು. ನಮ್ಮನ್ನು ತಡೆದವರಿಲ್ಲ, ನಮಗೂ ಹೊಳೆಯಲಿಲ್ಲ. ಇದನ್ನು ಯಾರ ಮೇಲಿನ ದೂರಾಗಿಯೂ ಹೇಳುತ್ತಿಲ್ಲ, ನಮ್ಮ ತಪ್ಪೊಪ್ಪಿಗೆಯಾಗಿ ಹೇಳುತ್ತಿದ್ದೇವೆ. ಮುಅಲ್ಲಿಮರೇ, ನಾಳೆ ನಲ್ಲಿಯ ಕೆಳಗೆ ಒಂದು ಬಕೆಟ್ ಇಡಿ. ಮಗು ವುಝೂ ಮುಗಿಸಿದ ಮೇಲೆ ಎಷ್ಟು ನೀರು ಬಿತ್ತೆಂದು ಅದರಿಂದಲೇ ಅಳೆಸಿ. ಮರುದಿನ ಒಂದು ಲೀಟರಿನ ಲೋಟಾ ಕೊಟ್ಟು ಅದೇ ವುಝೂ ಮಾಡಿಸಿ. ಬಕೆಟಿನ ನೀರನ್ನು ಅಂಗಳದ ಬೇವಿಗೆ ಹಾಕಿಸಿ. ಹದೀಸ್, ಗಣಿತ, ಪರಿಸರ ಮೂರೂ ಕಲಿತಂತಾಯಿತು. ತಾಲೀಮು ಎಂದರೆ ಇದು.

ಧಾರ್ಮಿಕ ಗುರುವೊಬ್ಬರು ತರಬೇತುದಾರರಾದರೆ ಏನಾಗುತ್ತದೆಂಬುದಕ್ಕೆ ಸಾಕ್ಷಿಯನ್ನು ದೂರ ಹುಡುಕಬೇಕಾಗಿಲ್ಲ. 2019ರಲ್ಲಿ ಗವಿಮಠದ ಅಭಿನವ ಗವಿಸಿದ್ಧೇಶ್ವರ ಸ್ವಾಮೀಜಿಯವರು ಹಿರೇಹಳ್ಳದ ಪುನಶ್ಚೇತನಕ್ಕೆ ಕರೆ ಕೊಟ್ಟು ತಾವೇ ಹಳ್ಳಕ್ಕೆ ಇಳಿದರು. ಜಾಲಿ, ಹೂಳು, ಕಸ ತುಂಬಿದ್ದ ಇಪ್ಪತ್ತು ಕಿಲೋಮೀಟರಿಗೂ ಉದ್ದದ ಹಳ್ಳ ಜನರ ಶ್ರಮ, ಜನರ ಹಣದಿಂದ ಸ್ವಚ್ಛವಾಯಿತು. ಅದೇ ವರ್ಷ ಕುಷ್ಟಗಿಯವರು ನಿಡಶೇಸಿ ಕೆರೆಯ ಹೂಳೆತ್ತಲು ಮುಂದಾದರು. ಹಳ್ಳಕ್ಕೆ ಜಾತಿ ಧರ್ಮವಿಲ್ಲ. ಇಂತಹ ಕೆಲಸಗಳಲ್ಲಿ ನಮ್ಮ ಜಮಾಅತ್‌ಗಳು ಚಂದಾ ಕೊಟ್ಟು ಸುಮ್ಮನಾಗದೆ ಗುದ್ದಲಿ ಹಿಡಿದು ನಿಲ್ಲಬೇಕು. ನೆರೆಹೊರೆಯವರ ಮಧ್ಯೆ ಹತ್ತು ಸೌಹಾರ್ದ ಸಭೆಗಳು ಮಾಡಲಾಗದ್ದನ್ನು ಒಂದು ಕೆರೆಯ ಹೂಳು ಮಾಡಬಲ್ಲದು.

ಕೊನೆಯದಾಗಿ ಒಂದು ಎಚ್ಚರಿಕೆ. ಇಷ್ಟೆಲ್ಲ ಕಲಿಸುವಾಗ, ಭೂಮಿ ಬಿಸಿಯಾದುದು ನಿನ್ನ ನಲ್ಲಿಯಿಂದಲೇ ಎಂಬ ಅಪರಾಧಪ್ರಜ್ಞೆಯನ್ನು ಬಡವನ ಮಗುವಿನಲ್ಲಿ ತುಂಬಬೇಡಿ. ಅದು ಸುಳ್ಳು. ಭಾರತೀಯನೊಬ್ಬನ ಸರಾಸರಿ ಇಂಗಾಲದ ಹೊರೆ ಜಗತ್ತಿನ ಸರಾಸರಿಯ ಅರ್ಧಕ್ಕಿಂತಲೂ ಕಡಿಮೆ. ಕೊಪ್ಪಳದ ಕೂಲಿಯವನದು ಇನ್ನೆಷ್ಟು ಕಡಿಮೆಯಿದ್ದೀತು! ಜಿಲ್ಲಾ ಕೇಂದ್ರದ ಸುತ್ತ ಕಲ್ಲಿದ್ದಲು ಉರಿಸುವ ಚಿಮಣಿಗಳಿವೆ. ಪಟ್ಟಣಕ್ಕೆ ಹೊಂದಿಕೊಂಡ ಉಕ್ಕಿನ ಕಾರ್ಖಾನೆಯ ವಿಸ್ತರಣೆಯನ್ನು ವಿರೋಧಿಸಿ 2025ರ ಫೆಬ್ರವರಿ 24ರಂದು ಕೊಪ್ಪಳ ಬಂದ್ ಆಚರಿಸಿ ಜನ ಬೀದಿಗಿಳಿದುದನ್ನು ತಾವು ಕಂಡಿದ್ದೀರಿ. ನಲ್ಲಿ ಮುಚ್ಚಲು ಕಲಿಸುವ ಉಸ್ತಾದ್, ಚಿಮಣಿಯ ಬಗ್ಗೆ ಪ್ರಶ್ನೆ ಕೇಳಲೂ ಕಲಿಸಬೇಕು. ಕೇಂದ್ರ ಸರಕಾರದ 2006ರ ಅಧಿಸೂಚನೆಯ ಪ್ರಕಾರ ಪರಿಸರ ಅನುಮತಿ ಬೇಕಾದ ದೊಡ್ಡ ಯೋಜನೆಗಳಿಗೆ ಸಾಮಾನ್ಯವಾಗಿ ಸಾರ್ವಜನಿಕ ಅಹವಾಲು ಸಭೆ ನಡೆಯಬೇಕು. ಅಲ್ಲಿ ಕುಳಿತು ವರದಿ ಓದಿ, ಕಾಗದದ ಮೇಲೆ ಆಕ್ಷೇಪ ಬರೆದುಕೊಡಬಲ್ಲ ಹತ್ತು ಯುವಕ ಯುವತಿಯರನ್ನು ನಮ್ಮ ನಾಲ್ಕೂ ಊರುಗಳಲ್ಲಿ ತಯಾರು ಮಾಡುವುದು ಸ್ಪರ್ಧಾತ್ಮಕ ಪರೀಕ್ಷೆಗಳ ಕೋಚಿಂಗ್ ನಡೆಸುವವರಿಗೆ ಕಷ್ಟದ ಕೆಲಸವಲ್ಲ. ಘೋಷಣೆ ಕೂಗುವವನಿಗಿಂತ ವರದಿ ಓದಿದವನಿಗೆ ಅಧಿಕಾರಿಗಳು ಹೆಚ್ಚು ಅಂಜುತ್ತಾರೆ.

ಸಹೋದರ ಸಹೋದರಿಯರೇ, ಅಂತ್ಯದಿನ ಬಂದೇಬಿಟ್ಟರೂ ಕೈಯಲ್ಲಿ ಸಸಿಯಿದ್ದರೆ, ಸಾಧ್ಯವಾದಲ್ಲಿ ಅದನ್ನು ನೆಟ್ಟುಬಿಡಬೇಕೆಂಬ ಆಶಯದ ಹದೀಸ್ ತಮಗೆ ತಿಳಿದಿದೆ. ಫಲ ಕಾಣುವೆವೋ ಇಲ್ಲವೋ ಎಂಬ ಲೆಕ್ಕ ನಮ್ಮದಲ್ಲ. ಕೈ ಸುಮ್ಮನಿರಬಾರದು ಎಂಬುದಷ್ಟೇ ನಮ್ಮ ಪಾಲಿನದು. ಇಲ್ಲಿಂದ ಹೊರಡುವ ಮುನ್ನ ಪ್ರತಿಯೊಬ್ಬರೂ ತಮ್ಮ ಕಸುಬಿಗೆ ಸೇರಿದ ಒಂದೇ ಒಂದು ತಾಲೀಮನ್ನು ಆರಿಸಿಕೊಳ್ಳಿ. ಪ್ಲಂಬರನಿಗೆ ವಾಷರ್, ಎ.ಸಿ. ಮೆಕ್ಯಾನಿಕ್‌ಗೆ ವಾಲ್ವ್, ಮುಅಲ್ಲಿಮರಿಗೆ ಬಕೆಟ್. ಮುಂದಿನ ಮಳೆಗಾಲದ ಹೊತ್ತಿಗೆ ಅದನ್ನು ಎಷ್ಟು ಮಕ್ಕಳ ಕೈಗೆ ದಾಟಿಸಿದಿರಿ ಎಂಬುದನ್ನು ನಮಗೆ ಬಂದು ತಿಳಿಸಿ. ಅಂದಿನ ಸಭೆಯಲ್ಲಿ ಮಾತನಾಡುವವರು ತಾವಾಗಿರಿ, ಕೇಳುವವರು ನಾವಾಗುತ್ತೇವೆ.