ರಾತ್ರಿಶಾಲೆಯ ಋಣ

(ವಿಕ್ರೋಳಿಯ ಕನ್ನಡಿಗರ ಸಭೆಯಲ್ಲಿ ನೀಡಿದ ಉಪನ್ಯಾಸದ ಬರಹರೂಪ)



ವಂಚಿತ ಮಕ್ಕಳ ಶಿಕ್ಷಣದ ಬಗ್ಗೆ ನಾಲ್ಕು ಮಾತುಗಳನ್ನಾಡಬೇಕೆಂದು ಸಂಘಟಕರು ಅಪ್ಪಣೆ ಮಾಡಿದ್ದಾರೆ. ಈ ವಿಷಯವನ್ನು ಎತ್ತಿಕೊಂಡವರು ಸಾಮಾನ್ಯವಾಗಿ ಸರ್ಕಾರವನ್ನು ದೂರಿ ಮಾತು ಮುಗಿಸುತ್ತಾರೆ. ಕೇಂದ್ರ ಸರ್ಕಾರದ ನೌಕರನಾದ ನನಗೆ ಆ ಸೌಕರ್ಯವಿಲ್ಲ. ಆದುದರಿಂದ ಹೊರನಾಡ ಕನ್ನಡಿಗರಾದ ನಮ್ಮ ಕೈಯಲ್ಲಿಯೇ ಏನಿದೆ ಎಂಬುದರ ಕಡೆಗೆ ತಮ್ಮ ಗಮನ ಸೆಳೆಯಬಯಸುತ್ತೇನೆ.

ಮುಂಬಯಿಯ ಕನ್ನಡ-ತುಳು ಸಂಸ್ಥೆಗಳ ಚರಿತ್ರೆಯನ್ನು ನೋಡಿ. 1902ರಲ್ಲಿ ಮೊಗವೀರ ವ್ಯವಸ್ಥಾಪಕ ಮಂಡಳಿ, 1927ರಲ್ಲಿ ಬಂಟರ ಸಂಘ, 1932ರಲ್ಲಿ ಬಿಲ್ಲವರ ಅಸೋಸಿಯೇಶನ್ ಹುಟ್ಟಿದವು. ಊರಿನವರು ಒಂದೆಡೆ ಸೇರಬೇಕು, ಕಷ್ಟಕಾಲದಲ್ಲಿ ಒಬ್ಬರಿಗೊಬ್ಬರು ಆಗಬೇಕು ಎಂಬುದು ಇವುಗಳ ಮೊದಲ ಆಸೆ. ಆದರೆ ಈ ಮಹಾನಗರದಲ್ಲಿ ನಮ್ಮವರನ್ನು ತಲೆಯೆತ್ತಿ ನಿಲ್ಲಿಸಿದ್ದು ರಾತ್ರಿಶಾಲೆಗಳು. ಮೊಗವೀರ ರಾತ್ರಿಶಾಲೆ, ಗುರುನಾರಾಯಣ ರಾತ್ರಿಶಾಲೆ ಮೊದಲಾದ ಹೆಸರುಗಳನ್ನು ಕೇಳಿದೊಡನೆ ಈ ಸಭೆಯಲ್ಲಿರುವ ಹಿರಿಯರ ಮುಖ ಅರಳುವುದನ್ನು ಕಾಣುತ್ತಿದ್ದೇನೆ. ಊರಿನಲ್ಲಿ ನಾಲ್ಕೋ ಐದೋ ತರಗತಿ ಓದಿ, ಮಂಗಳೂರಿನಿಂದ ಹಡಗು ಹತ್ತಿಯೋ ಘಟ್ಟದ ದಾರಿ ಹಿಡಿದೋ ಬಂದ ಹುಡುಗ ಹೊಟೇಲಿನಲ್ಲಿ ಮೊದಲು ಲೋಟ ತೊಳೆದ, ಬಳಿಕ ಮಾಣಿಯಾದ. ಸಂಜೆ ಮಾಲಿಕನ ಅನುಮತಿ ಪಡೆದು ರಾತ್ರಿಶಾಲೆಯ ಬೆಂಚಿನ ಮೇಲೆ ತೂಕಡಿಸುತ್ತ ಕುಳಿತ. ಎಸ್.ಎಸ್.ಸಿ. ಮುಗಿಸಿ ಬ್ಯಾಂಕಿಗೋ ರೈಲ್ವೆಗೋ ಕಂಪನಿಯ ಕಚೇರಿಗೋ ಸೇರಿದ. ಕೆಲವರು ವಕೀಲರಾದರು, ಕೆಲವರು ತಾವೇ ಹೊಟೇಲು ತೆರೆದರು. ಇಂದು ನಾವು ‘ಮುಂಬಯಿ ಕನ್ನಡಿಗರು’ ಎಂದು ಅಭಿಮಾನದಿಂದ ಹೇಳಿಕೊಳ್ಳುವ ಮಧ್ಯಮವರ್ಗದ ಬಹುಭಾಗ ಆ ಬೆಂಚುಗಳಿಂದ ಎದ್ದು ಬಂದದ್ದು.

ಆ ವ್ಯವಸ್ಥೆಯನ್ನು ನಾನು ವೈಭವೀಕರಿಸುತ್ತಿಲ್ಲ. ಹದಿಮೂರು ವರ್ಷದ ಬಾಲಕ ಹಗಲೆಲ್ಲ ದುಡಿದು ರಾತ್ರಿ ಓದಬೇಕಾಗಿ ಬಂದದ್ದು ಸಮಾಜಕ್ಕೆ ಭೂಷಣವಲ್ಲ. ಹದಿನಾಲ್ಕು ವರ್ಷದೊಳಗಿನ ಮಕ್ಕಳನ್ನು ಹೊಟೇಲು, ಢಾಬಾ ಮತ್ತು ಮನೆಗೆಲಸಕ್ಕೆ ಇಟ್ಟುಕೊಳ್ಳುವುದು 2006ರ ಅಕ್ಟೋಬರ್ 10ರಿಂದ ನಿಷಿದ್ಧ. 2016ರ ತಿದ್ದುಪಡಿ ಈ ನಿಷೇಧವನ್ನು, ಕುಟುಂಬದ ಉದ್ಯೋಗದಂಥ ಕೆಲವು ವಿನಾಯಿತಿಗಳನ್ನು ಬಿಟ್ಟು, ಎಲ್ಲ ಕೆಲಸಗಳಿಗೂ ವಿಸ್ತರಿಸಿತು. ಇದು ಆಗಬೇಕಾದದ್ದೇ. ಆದರೆ ರಾತ್ರಿಶಾಲೆಯನ್ನು ಕಟ್ಟಿದವರು ತಿಳಿದಿದ್ದ ಒಂದು ಸತ್ಯವನ್ನು ನಾವು ಮರೆಯಬಾರದು. ಅವರು ಮಗುವನ್ನು ಶಾಲೆಯ ಹೊತ್ತಿಗೆ ಎಳೆಯಲಿಲ್ಲ. ಮಗು ಬರಬಲ್ಲ ಹೊತ್ತಿಗೆ ಶಾಲೆಯನ್ನು ತೆರೆದರು.

ಈಗ ಹೊಟೇಲು ಮಾಣಿಯ ಸ್ಥಾನದಲ್ಲಿ ನಿಂತಿರುವವರು ಯಾರು? ಬೆಳಗಿನ ಹೊತ್ತು ಉಪನಗರಗಳ ಯಾವುದೇ ಕೂಲಿ ನಾಕಾದಲ್ಲಿ ಐದು ನಿಮಿಷ ನಿಂತು ಕಿವಿಗೊಡಿ. ಕಲಬುರಗಿಯ, ಯಾದಗಿರಿಯ, ವಿಜಯಪುರದ ಕನ್ನಡ ಕೇಳಿಸುತ್ತದೆ. ಅದರ ಜೊತೆಗೆ ತಾಂಡಾಗಳ ಲಂಬಾಣಿ ಮಾತು ಕೇಳಿಸುತ್ತದೆ. ಒಂದು ಕಾಲಕ್ಕೆ ಕಾರ್ಖಾನೆಗಳ ಊರಾಗಿದ್ದ ವಿಕ್ರೋಳಿಯಲ್ಲಿ ಇಂದು ಗೋಪುರಗಳಂಥ ಕಟ್ಟಡಗಳು ಏಳುತ್ತಿವೆ; ಬುಲೆಟ್ ರೈಲಿನ ಸುರಂಗಕ್ಕಾಗಿ ಇದೇ ನೆಲವನ್ನು ಆಳಕ್ಕೆ ಅಗೆಯಲಾಗಿದೆ. ಇಂಥ ಕೆಲಸಗಳಿಗೆ ಮರಳು-ಸಿಮೆಂಟು ಹೊರಲು ಬರುವವರಲ್ಲಿ ನಮ್ಮ ಉತ್ತರ ಕರ್ನಾಟಕದವರು ಸೇರಿದ್ದಾರೆ. ಮಳೆಗಾಲದಲ್ಲಿ ಬಿತ್ತನೆಗೆ ಊರಿಗೆ ಹೋಗುವರು, ದಸರೆ-ದೀಪಾವಳಿ ಕಳೆದ ಮೇಲೆ ಮಕ್ಕಳೊಂದಿಗೆ ಮರಳುವರು. ಶಾಲೆ ತೆರೆಯುವ ಜೂನ್ ತಿಂಗಳಲ್ಲಿ ಮಗುವಿನ ಹೆಸರು ಊರಿನ ಹಾಜರಿ ಪುಸ್ತಕದಲ್ಲಿರುತ್ತದೆ. ನವೆಂಬರ್ ಹೊತ್ತಿಗೆ ಮಗು ಇಲ್ಲಿರುತ್ತದೆ, ಹೆಸರು ಅಲ್ಲಿಯೇ ಉಳಿಯುತ್ತದೆ. ಹಿರಿಯ ಮಗಳಾದರೆ ಅವಳ ಸೊಂಟದ ಮೇಲೆ ತಮ್ಮನೋ ತಂಗಿಯೋ ಇರುತ್ತದೆ. ತಾಯಿ ಇಟ್ಟಿಗೆ ಹೊರುವಾಗ ಕೂಸನ್ನು ನೋಡುವವರು ಬೇರೆ ಯಾರು?

ಇಲ್ಲಿ ನನ್ನದೇ ವರ್ಗದ ಒಂದು ಹೋಲಿಕೆಯನ್ನು ಹೇಳಬೇಕು. ನಮ್ಮಂಥ ನೌಕರರಿಗೆ ವರ್ಗಾವಣೆ ತಪ್ಪದು. ವರ್ಗಾವಣೆಯಿಂದ ಮಕ್ಕಳ ಓದು ಕೆಡಬಾರದೆಂದು ದೇಶ ಕೇಂದ್ರೀಯ ವಿದ್ಯಾಲಯಗಳನ್ನು ಕಟ್ಟಿತು. 1963ರಲ್ಲಿ 20 ಸೇನಾ ಶಾಲೆಗಳಿಂದ ಆರಂಭವಾದ ಆ ಸರಣಿ ಇಂದು 1,200ನ್ನು ಮೀರಿದೆ. ಇಲ್ಲಿಗೆ ಹತ್ತಿರದ ಪವಾಯಿ ಐ.ಐ.ಟಿ. ಆವರಣದಲ್ಲಿಯೂ ಒಂದಿದೆ. ಎಲ್ಲೆಡೆ ಒಂದೇ ಪಠ್ಯ, ಬಂದ ಮಗುವಿಗೆ ಆದ್ಯತೆಯ ಪ್ರವೇಶ. ಈ ಸೌಲಭ್ಯ ಸರಿಯಾದದ್ದೇ. ಆದರೆ ಅಧಿಕಾರಿ ಮೂರು ನಾಲ್ಕು ವರ್ಷಕ್ಕೊಮ್ಮೆ ಊರು ಬದಲಿಸಿದರೆ ಕೂಲಿಕಾರ ವರ್ಷಕ್ಕೆ ಎರಡು ಬಾರಿ ಬದಲಿಸುತ್ತಾನೆ. ಅವನ ಮಗುವಿಗಾಗಿ ಇಂಥ ಸರಣಿಯೊಂದನ್ನು ಯಾರೂ ಕಟ್ಟಲಿಲ್ಲ.

ಕಾನೂನು ಮೌನವಾಗಿದೆ ಎಂದು ಇದರ ಅರ್ಥವಲ್ಲ. 2002ರ ಸಂವಿಧಾನ ತಿದ್ದುಪಡಿ ಶಿಕ್ಷಣವನ್ನು ಮೂಲಭೂತ ಹಕ್ಕನ್ನಾಗಿ ಮಾಡಿತು. ಶಿಕ್ಷಣ ಹಕ್ಕು ಕಾಯಿದೆ 2010ರ ಏಪ್ರಿಲ್ 1ರಿಂದ ಜಾರಿಗೆ ಬಂದಿತು. ಆರರಿಂದ ಹದಿನಾಲ್ಕು ವರ್ಷದ ಮಗುವನ್ನು ಅದರ ವಯಸ್ಸಿಗೆ ತಕ್ಕ ತರಗತಿಗೆ ಸೇರಿಸಿಕೊಂಡು ವಿಶೇಷ ತರಬೇತಿ ಕೊಡಬೇಕೆಂದು ಅದು ಹೇಳುತ್ತದೆ. ವರ್ಗಾವಣೆ ಪತ್ರ ತಡವಾಯಿತೆಂದಾಗಲಿ, ವಯಸ್ಸಿನ ದಾಖಲೆ ಇಲ್ಲವೆಂದಾಗಲಿ ಪ್ರವೇಶ ನಿರಾಕರಿಸುವಂತಿಲ್ಲ. ವಲಸೆ ಕುಟುಂಬಗಳ ಮಕ್ಕಳ ಪ್ರವೇಶವನ್ನು ಸ್ಥಳೀಯ ಸಂಸ್ಥೆಯೇ ನೋಡಿಕೊಳ್ಳಬೇಕು. ಐವತ್ತಕ್ಕಿಂತ ಹೆಚ್ಚು ಮಹಿಳೆಯರು ದುಡಿಯುವ ಕಟ್ಟಡದ ಸ್ಥಳದಲ್ಲಿ ಶಿಶುವಿಹಾರ ಇರಬೇಕೆಂದು 1996ರ ಕಟ್ಟಡ ಕಾರ್ಮಿಕರ ಕಾಯಿದೆಯಲ್ಲಿತ್ತು. ಅದು ನಡೆದರೆ ಅಕ್ಕನ ಸೊಂಟ ಹಗುರವಾದೀತು, ಅವಳು ಶಾಲೆಗೆ ಹೋದಾಳು.

ಖಾಸಗಿ ಶಾಲೆಗಳು ಪ್ರವೇಶದ ಹಂತದಲ್ಲಿ ನೂರಕ್ಕೆ 25 ಸ್ಥಾನಗಳನ್ನು ದುರ್ಬಲ ವರ್ಗದ ಮಕ್ಕಳಿಗೆ ಕೊಡಬೇಕೆಂಬ ನಿಯಮವೂ ಇದೆ. ಒಂದು ಕಿಲೋಮೀಟರಿನೊಳಗೆ ಸರ್ಕಾರಿ ಅಥವಾ ಅನುದಾನಿತ ಶಾಲೆಯಿದ್ದರೆ ಖಾಸಗಿ ಶಾಲೆಗೆ ಈ ಹೊಣೆಯಿಲ್ಲವೆಂದು ಮಹಾರಾಷ್ಟ್ರ ಸರ್ಕಾರ 2024ರ ಫೆಬ್ರವರಿಯಲ್ಲಿ ಮಾಡಿದ ತಿದ್ದುಪಡಿಯನ್ನು ಮುಂಬಯಿ ಹೈಕೋರ್ಟು ಅದೇ ವರ್ಷ ಜುಲೈಯಲ್ಲಿ ರದ್ದುಗೊಳಿಸಿತು. ಆದರೂ ನಾಕಾದ ಕೂಲಿಕಾರನಿಗೆ ಈ ಬಾಗಿಲು ಸುಲಭವಾಗಿ ತೆರೆಯದು. ವಾಸದ ದಾಖಲೆ ಬೇಕು, ಆದಾಯದ ಅಥವಾ ಜಾತಿಯ ಪ್ರಮಾಣಪತ್ರ ಬೇಕು. ಲಂಬಾಣಿಗಳು ಕರ್ನಾಟಕದಲ್ಲಿ ಪರಿಶಿಷ್ಟ ಜಾತಿಯವರು, ಮಹಾರಾಷ್ಟ್ರದಲ್ಲಿ ವಿಮುಕ್ತ ಜಾತಿಯವರು. ಒಂದು ರಾಜ್ಯದ ಪರಿಶಿಷ್ಟ ಸ್ಥಾನಮಾನ ವಲಸೆ ಹೋದ ರಾಜ್ಯದಲ್ಲಿ ತಾನಾಗಿ ಸಲ್ಲದೆಂದು ಸುಪ್ರೀಂ ಕೋರ್ಟು 1990ರಲ್ಲಿಯೇ ಹೇಳಿದೆ. ಹೀಗಾಗಿ ಗಡಿ ದಾಟಿದ ಮಗುವಿನ ಬಡತನ ಅದರ ಜೊತೆಗೆ ಬರುತ್ತದೆ. ಆ ಬಡತನಕ್ಕೆ ಸಲ್ಲುವ ಕಾಗದ ಊರಿನಲ್ಲಿಯೇ ಉಳಿಯುತ್ತದೆ.

ಈಗ ನಮ್ಮ ಮನೆಯ ಮಾತಿಗೆ ಬರುತ್ತೇನೆ. ಮುಂಬಯಿಯಲ್ಲಿ ನಮ್ಮ ಹಲವು ಸಂಸ್ಥೆಗಳು ಶಾಲೆಗಳನ್ನು ನಡೆಸುತ್ತಿವೆ. ಸಂವಿಧಾನದ 30ನೆಯ ವಿಧಿ ಭಾಷಾ ಅಲ್ಪಸಂಖ್ಯಾತರಿಗೆ ತಮ್ಮ ಶಿಕ್ಷಣ ಸಂಸ್ಥೆಗಳನ್ನು ಕಟ್ಟಿ ನಡೆಸುವ ಹಕ್ಕನ್ನು ಕೊಟ್ಟಿದೆ. ಯಾರು ಅಲ್ಪಸಂಖ್ಯಾತರೆಂಬುದನ್ನು ರಾಜ್ಯವನ್ನು ಘಟಕವಾಗಿಟ್ಟುಕೊಂಡು ನಿರ್ಧರಿಸಬೇಕೆಂದು 2002ರಲ್ಲಿ ತೀರ್ಪು ಬಂದದ್ದು ನಮ್ಮ ಮಣಿಪಾಲದ ಟಿ.ಎಂ.ಎ. ಪೈ ಪ್ರತಿಷ್ಠಾನದ ಮೊಕದ್ದಮೆಯಲ್ಲಿ ಎಂಬುದು ಗಮನಾರ್ಹ. ಮುಂದೆ 2014ರ ಮೇ 6ರಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ, ಶಿಕ್ಷಣ ಹಕ್ಕು ಕಾಯಿದೆ ಅಲ್ಪಸಂಖ್ಯಾತ ಶಾಲೆಗಳಿಗೆ ಅನ್ವಯಿಸದೆಂದು ಹೇಳಿತು. 2025ರ ಸೆಪ್ಟೆಂಬರಿನಲ್ಲಿ ಇಬ್ಬರು ನ್ಯಾಯಮೂರ್ತಿಗಳ ಪೀಠವೊಂದು ಆ ತೀರ್ಪಿನ ಬಗ್ಗೆ ಸಂಶಯ ವ್ಯಕ್ತಪಡಿಸಿ ವಿಷಯವನ್ನು ಮುಖ್ಯ ನ್ಯಾಯಮೂರ್ತಿಗಳ ಮುಂದಿರಿಸಿತು. ವಾದ ಹೇಗೇ ಸಾಗಲಿ, ಅಲ್ಪಸಂಖ್ಯಾತ ಮಾನ್ಯತೆ ಪಡೆದ ನಮ್ಮ ಶಾಲೆಗಳನ್ನು ಈ 25 ಸ್ಥಾನಗಳಿಗಾಗಿ ಕೇಳುವವರಿರಲಿಲ್ಲ.

ಈ ವಿನಾಯಿತಿ ನಮಗೆ ಏಕೆ ದೊರೆಯಿತು? ನಮ್ಮ ಸಂಸ್ಥೆಗಳು ನಮ್ಮ ಸಮುದಾಯಕ್ಕಾಗಿ ಇವೆ ಎಂಬ ನಂಬಿಕೆಯಿಂದ. ಹಾಗಿದ್ದರೆ ಕಲಬುರಗಿಯ ಕೂಲಿಕಾರನ ಮಗಳು ನಮ್ಮ ಸಮುದಾಯದವಳಲ್ಲವೇ? ಕನ್ನಡಿಗರೆಂಬ ಹೆಸರಿನಲ್ಲಿ ಹಕ್ಕನ್ನು ಪಡೆದು, ಕನ್ನಡಿಗರಲ್ಲಿಯೇ ಅತ್ಯಂತ ಬಡವರಾದವರಿಗೆ ಬಾಗಿಲು ತೆರೆಯದಿದ್ದರೆ ಆ ಹಕ್ಕಿಗೆ ಅರ್ಥವೇನು? ಕಾಯಿದೆ ನಮ್ಮನ್ನು ಒತ್ತಾಯಿಸುವುದಿಲ್ಲ, ನಿಜ. ತಡೆಯುವುದೂ ಇಲ್ಲ.

ಶುಲ್ಕದಿಂದಲೇ ನಡೆಯುವ ಶಾಲೆ ಉಚಿತ ಸ್ಥಾನಗಳನ್ನು ಹೇಗೆ ಕೊಟ್ಟೀತು ಎಂದು ಪದಾಧಿಕಾರಿಗಳು ಕೇಳಬಹುದು. ಪ್ರಶ್ನೆ ನ್ಯಾಯವಾದದ್ದು, ವಿನಾಯಿತಿ ಪಡೆದ ಶಾಲೆಗೆ ಸರ್ಕಾರದ ಮರುಪಾವತಿಯೂ ಇರುವುದಿಲ್ಲ. ನಾನು 25ನ್ನು ಕೇಳುತ್ತಿಲ್ಲ. ನಲವತ್ತು ಮಕ್ಕಳ ತರಗತಿಯಲ್ಲಿ ನಾಲ್ಕು ಸ್ಥಾನ ಕೊಡಿ. ಕೋಣೆ ಅದೇ, ಶಿಕ್ಷಕರು ಅವರೇ. ಹೆಚ್ಚಿನ ಖರ್ಚು ಪುಸ್ತಕ, ಸಮವಸ್ತ್ರ, ವಾಹನಗಳದ್ದು. ಕೈಬಿಟ್ಟುಹೋಗುವ ಶುಲ್ಕವನ್ನು ಪೂರ್ತಿಯಾಗಿ ಉಳಿದ ಮೂವತ್ತಾರು ಮಕ್ಕಳ ಮೇಲೆ ಹಂಚಿದರೂ ಒಂಬತ್ತರಲ್ಲೊಂದು ಪಾಲು ಹೆಚ್ಚಾಗುತ್ತದೆ. ಹಾಗೆ ಹಂಚುವ ಅಗತ್ಯವೂ ಬಾರದು. ನಮ್ಮ ವಾರ್ಷಿಕೋತ್ಸವಗಳಲ್ಲಿ ಶಾಲು, ಹಾರ, ಸ್ಮರಣಿಕೆಗಳಿಗೆ ದಾನಿಗಳು ದೊರೆಯುತ್ತಾರೆ. ಸನ್ಮಾನಗಳು ನಡೆಯಲಿ, ಯಕ್ಷಗಾನವೂ ಆಗಲಿ. ಅದೇ ದಾನಿಗಳ ಮುಂದೆ ಒಂದು ಮಗುವಿನ ವರ್ಷದ ಖರ್ಚಿನ ಲೆಕ್ಕವನ್ನೂ ಇಡೋಣ.

ಹಣಕ್ಕಿಂತ ಮಿಗಿಲಾದ, ಕನ್ನಡಿಗರಷ್ಟೇ ಸುಲಭವಾಗಿ ಮಾಡಬಲ್ಲ ಕೆಲಸವೊಂದಿದೆ. ಯಾದಗಿರಿಯ ಶಾಲೆಯ ವರ್ಗಾವಣೆ ಪತ್ರ ಕನ್ನಡದಲ್ಲಿರುತ್ತದೆ. ಅದನ್ನು ಇಲ್ಲಿಯ ಮುಖ್ಯಾಧ್ಯಾಪಕರು ಓದಲಾರರು. ತಂದೆ-ತಾಯಿ ಮರಾಠಿಯಲ್ಲಿ ವಿವರಿಸಲಾರರು. ಮಗು ಹೊಸ್ತಿಲಿನಿಂದ ಹಿಂದಿರುಗುವುದು ಹೀಗೆ. ಬ್ಯಾಂಕು, ಅಂಚೆ, ರೈಲ್ವೆ, ಸರ್ಕಾರಿ ಕಚೇರಿಗಳಿಂದ ನಿವೃತ್ತರಾದ ಎಷ್ಟೊಂದು ಜನ ಇಲ್ಲಿದ್ದೀರಿ! ತಿಂಗಳಿಗೊಂದು ಭಾನುವಾರ ಸಂಘದ ಕಚೇರಿಯಲ್ಲಿ ಒಂದು ಮೇಜು ಹಾಕಿ ಕುಳಿತುಕೊಳ್ಳಿ. ಕನ್ನಡದ ಪತ್ರವನ್ನು ಮರಾಠಿಗೆ ಅನುವಾದಿಸಿಕೊಡಿ. ಊರಿನ ಮುಖ್ಯೋಪಾಧ್ಯಾಯರಿಗೆ ಕನ್ನಡದಲ್ಲಿ ಪತ್ರ ಬರೆಯಿರಿ. ಪಾಲಿಕೆಯ ಶಾಲೆಗೆ ತಂದೆಯೊಂದಿಗೆ ನೀವೂ ಹೋಗಿ, ಕಾಯಿದೆಯ ಮಾತನ್ನು ವಿನಯದಿಂದ ನೆನಪಿಸಿ. ವರ್ಷದಲ್ಲಿ 90 ದಿನ ದುಡಿದ ಕಟ್ಟಡ ಕಾರ್ಮಿಕ ಕಲ್ಯಾಣ ಮಂಡಳಿಯಲ್ಲಿ ನೋಂದಾಯಿಸಿಕೊಳ್ಳಬಹುದು. ಅದರಿಂದ ಮಕ್ಕಳ ಓದಿಗೆ ನೆರವು ದೊರೆಯುವ ಯೋಜನೆಗಳಿವೆ. ಆ ಅರ್ಜಿಯನ್ನೂ ತುಂಬಿಕೊಡಿ. ವಾರದ ದಿನಗಳಲ್ಲಿ ಬೀಗ ಹಾಕಿರುವ ಸಂಘದ ಸಭಾಗೃಹವನ್ನು ಎರಡು ಗಂಟೆ ತೆರೆದರೆ, ವರ್ಷದ ನಡುವೆ ಬಂದ ಮಕ್ಕಳಿಗೆ ಮರಾಠಿ-ಹಿಂದಿಯ ಅಕ್ಷರಗಳನ್ನು ಕನ್ನಡದ ಮೂಲಕ ಕಲಿಸಬಹುದು.

ಕೊನೆಯದಾಗಿ ಭಾಷೆಯ ಪ್ರಶ್ನೆ. ಮುಂಬಯಿ ಮಹಾನಗರ ಪಾಲಿಕೆ ಎಂಟು ಮಾಧ್ಯಮಗಳಲ್ಲಿ ಶಾಲೆ ನಡೆಸುತ್ತ ಬಂದಿದೆ, ಕನ್ನಡವೂ ಅವುಗಳಲ್ಲೊಂದು. ಆ ಶಾಲೆಗಳಲ್ಲಿ ಮಕ್ಕಳು ಕಡಿಮೆಯಾದರೆಂದು ನಾವು ಮರುಗುತ್ತೇವೆ. ಆದರೆ ನಮ್ಮ ಮಕ್ಕಳು ಇಂಗ್ಲಿಷ್ ಮಾಧ್ಯಮಕ್ಕೆ ಹೋಗಲಿ, ಕನ್ನಡವನ್ನು ಉಳಿಸುವ ಹೊಣೆಯನ್ನು ಕೂಲಿಕಾರರ ಮಕ್ಕಳು ಹೊರಲಿ ಎನ್ನುವುದು ನ್ಯಾಯವಲ್ಲ. ಮಳೆಗಾಲಕ್ಕೆ ಊರಿಗೆ ಮರಳುವ ಮಗುವಿಗೆ ಕನ್ನಡ ಬೇಕು. ಇಲ್ಲಿಯೇ ನೆಲೆಸುವ ಮಗುವಿಗೆ ಮರಾಠಿಯೂ ಇಂಗ್ಲಿಷೂ ಬೇಕು. ಯಾವುದೆಂಬುದನ್ನು ತಂದೆ-ತಾಯಿ ತೀರ್ಮಾನಿಸಲಿ. ಅವರು ಯಾವುದನ್ನು ಆರಿಸಿದರೂ ನೆರವಾಗುವುದು ಕನ್ನಡದ ಕೆಲಸವೇ. ತನ್ನ ಸಂಕಟದಲ್ಲಿ ಕನ್ನಡಿಗರು ಕೈಹಿಡಿದರೆಂದು ನೆನೆಯುವ ಮಗು ಯಾವ ಮಾಧ್ಯಮದಲ್ಲಿ ಓದಿದರೂ ಕನ್ನಡಕ್ಕೆ ದೂರವಾಗದು.

ಮಂಗಳೂರಿನಲ್ಲಿ ಕುದ್ಮುಲ್ ರಂಗರಾಯರು ದಲಿತ ಮಕ್ಕಳಿಗಾಗಿ ಶಾಲೆ ತೆರೆದಾಗ ಅವರನ್ನು ಒತ್ತಾಯಿಸುವ ಕಾಯಿದೆ ಇರಲಿಲ್ಲ. ಸ್ವಜನರ ವಿರೋಧ ಮಾತ್ರ ಇತ್ತು. ಮುಂಬಯಿಯ ರಾತ್ರಿಶಾಲೆಗಳನ್ನು ಕಟ್ಟಿದವರಿಗೂ ಯಾರ ಆದೇಶವೂ ಬಂದಿರಲಿಲ್ಲ. ಆ ಋಣವನ್ನು ಅವರಿಗೆ ಹಿಂದಿರುಗಿಸಲಾರೆವು, ಅವರಲ್ಲಿ ಬಹುಮಂದಿ ಈಗಿಲ್ಲ. ಅದು ಸಲ್ಲಬೇಕಾದದ್ದು ನಾಕಾದಲ್ಲಿ ನಿಂತವರ ಮಕ್ಕಳಿಗೆ. ಬರುವ ಜೂನ್‌ನೊಳಗೆ ಆ ಮೇಜು ಮತ್ತು ತರಗತಿಗೆ ನಾಲ್ಕು ಸ್ಥಾನ, ಇಷ್ಟನ್ನು ಕಾರ್ಯಕಾರಿ ಸಮಿತಿ ತೀರ್ಮಾನಿಸಲಿ ಎಂದು ಪ್ರಾರ್ಥಿಸುತ್ತೇನೆ.